ಮನೆಯಲ್ಲೇ ಲೇಸರ್‌ನಿಂದ ಬಟ್ಟೆ ಕತ್ತರಿಸಿ ಹಣ ಮಾಡಿ ಎನ್ನುವ ವಿಡಿಯೋಗಳು: ಎಷ್ಟು ನಿಜ, ಎಷ್ಟು ಸುಳ್ಳು?

ಮೇಜಿನ ಮೇಲೊಂದು ಪುಟ್ಟ ಯಂತ್ರ. ಅದರ ತಲೆಯಿಂದ ಸಣ್ಣದೊಂದು ನೀಲಿ ಬೆಳಕು. ಬಟ್ಟೆಯ ಮೇಲೆ ಆ ಬೆಳಕು ಓಡಾಡಿದ ಹಾಗೆ ಹೂವು, ಬಳ್ಳಿ, ನವಿಲು ಮೂಡುತ್ತವೆ. ಕೊನೆಗೆ ಬಟ್ಟೆಯನ್ನು ಎತ್ತಿದರೆ ಕತ್ತರಿಯೇ ಮುಟ್ಟದ ಕಟ್‌ವರ್ಕ್ ಸಿದ್ಧ. ಇಂಥ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಳಗೆ ಸಾಮಾನ್ಯವಾಗಿ ನಾಲ್ಕು ಮಾತುಗಳಿರುತ್ತವೆ: ಯಾವ ಬಟ್ಟೆಯಾದರೂ ಸರಿ, ಅನುಭವ ಬೇಡ, ಅಪಾಯವಿಲ್ಲ, ಮನೆಯಲ್ಲೇ ಕೂತು ತಿಂಗಳಿಗೆ ಸಾವಿರಾರು ರೂಪಾಯಿ ಸಂಪಾದನೆ. ಟೈಲರಿಂಗ್ ಮಾಡುವ ಅಕ್ಕನಿಗೋ, ಸಂಘದಲ್ಲಿ ಸಾಲ ಎತ್ತಿ ಹೊಸ ಕಸುಬು ಮಾಡೋಣ ಎಂದಿರುವ ಗೆಳತಿಗೋ ಉಪಯೋಗವಾಗಲಿ ಎಂದು ನಾವು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಫಾರ್ವರ್ಡ್ ಮಾಡುತ್ತೇವೆ.

ಈ ಯಂತ್ರ ಮೋಸವಲ್ಲ. ಡಯೋಡ್ ಲೇಸರ್ ನಿಜವಾಗಿಯೂ ಬಟ್ಟೆ ಕತ್ತರಿಸುತ್ತದೆ, ಅದರ ಮೇಲೆ ಚಿತ್ರವನ್ನೂ ಕೆತ್ತುತ್ತದೆ. ಆದರೆ ವಿಡಿಯೋದಲ್ಲಿ ತೋರಿಸದ ಸಂಗತಿಗಳು ಸಾಕಷ್ಟಿವೆ. ಅವುಗಳಲ್ಲಿ ಕೆಲವು ದುಡ್ಡು ಕಳೆದರೆ ಇನ್ನು ಕೆಲವು ಕಣ್ಣನ್ನೇ ಕಳೆಯಬಹುದು. ಹಾಗಾಗಿ ಒಂದೊಂದೇ ಮಾತನ್ನು ತೆಗೆದುಕೊಂಡು ನೋಡೋಣ.

ಮೊದಲಿಗೆ, ಇದು ಕೆಲಸ ಮಾಡುವುದು ಹೇಗೆ?

ಚಿಕ್ಕಂದಿನಲ್ಲಿ ಭೂತಗನ್ನಡಿಯಿಂದ ಬಿಸಿಲನ್ನು ಒಂದು ಚುಕ್ಕೆಗೆ ಇಳಿಸಿ ಕಾಗದ ಸುಟ್ಟ ನೆನಪು ಅನೇಕರಿಗೆ ಇರುತ್ತದೆ. ಲೇಸರ್ ಯಂತ್ರದ ಮೂಲ ತತ್ವವೂ ಅದೇ. ಬೆಳಕನ್ನು ತೀರಾ ಸಣ್ಣ ಜಾಗದಲ್ಲಿ ಕೂಡಿಸಿದರೆ ಅಲ್ಲಿ ವಿಪರೀತ ಶಾಖ ಹುಟ್ಟುತ್ತದೆ. ಆ ಶಾಖ ಬಟ್ಟೆಯನ್ನು ಸುಡುತ್ತದೆ ಅಥವಾ ಕರಗಿಸುತ್ತದೆ. ಬೆಳಕು ನಿಧಾನವಾಗಿ, ಜೋರಾಗಿ ಹಾದುಹೋದರೆ ಬಟ್ಟೆ ಕತ್ತರಿಸುತ್ತದೆ. ವೇಗವಾಗಿ, ಮೆಲ್ಲಗೆ ಹಾದುಹೋದರೆ ಮೇಲ್ಪದರ ಮಾತ್ರ ಸುಟ್ಟು ಚಿತ್ರ ಮೂಡುತ್ತದೆ. ಇದನ್ನೇ ಕೆತ್ತನೆ ಎನ್ನುತ್ತಾರೆ.

ಎಷ್ಟು ಶಾಖ ಎಂಬುದಕ್ಕೆ ಒಂದು ಸರಳ ಲೆಕ್ಕ. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವ್ಯಾಟ್ ಶಕ್ತಿ ತರುತ್ತದೆ. 10 ವ್ಯಾಟ್ ಬೆಳಕಿನ ಲೇಸರ್ ತನ್ನ ಶಕ್ತಿಯನ್ನೆಲ್ಲ 0.1 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಚುಕ್ಕೆಯಲ್ಲಿ ಇಳಿಸಿತು ಎಂದುಕೊಳ್ಳಿ. ಆ ಚುಕ್ಕೆಯಲ್ಲಿ ಬೆಳಕಿನ ತೀವ್ರತೆ ಬಿಸಿಲಿನ ಸುಮಾರು ಹತ್ತು ಲಕ್ಷ ಪಟ್ಟು ಆಗುತ್ತದೆ.

ಜಗತ್ತಿನ ಮೊದಲ ಲೇಸರನ್ನು ಅಮೆರಿಕದ ಥಿಯೋಡರ್ ಮೈಮನ್ 1960ರಲ್ಲಿ ಬೆಳಗಿಸಿ ತೋರಿಸಿದರು. ಅದರಲ್ಲಿ ಬಳಸಿದ್ದು ಮಾಣಿಕ್ಯದ ಕಡ್ಡಿ. 1964ರಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಲೇಸರ್ ಮಾಡಿದವರು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಕುಮಾರ್ ಪಟೇಲ್. ದೊಡ್ಡ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಬಟ್ಟೆ ಕತ್ತರಿಸುವ ಲೇಸರ್‌ಗಳು ಹೆಚ್ಚಾಗಿ ಈ ಜಾತಿಯವು. ಮನೆಗೆ ತರುವ ಚಿಕ್ಕ ಯಂತ್ರದಲ್ಲಿರುವುದು ಬೇರೆ. ಅದು ಎಲ್‌ಇಡಿ ಬಲ್ಬಿನ ಹತ್ತಿರದ ಸಂಬಂಧಿ ಎನ್ನಬಹುದಾದ ನೀಲಿ ಲೇಸರ್ ಡಯೋಡ್. ಇದನ್ನು 1990ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಶೂಜಿ ನಕಾಮುರಾ ರೂಪಿಸಿದರು. ಅದಕ್ಕೂ ಮುಂಚಿನ ನೀಲಿ ಎಲ್‌ಇಡಿ ಕೆಲಸಕ್ಕಾಗಿ ಅವರಿಗೂ ಇನ್ನಿಬ್ಬರು ವಿಜ್ಞಾನಿಗಳಿಗೂ 2014ರ ಭೌತವಿಜ್ಞಾನದ ನೊಬೆಲ್ ಬಂತು.

ಈ ಎರಡು ಜಾತಿಗಳ ವ್ಯತ್ಯಾಸವನ್ನು ನೆನಪಿಡಿ. ಮುಂದಿನ ಅರ್ಧ ಗೊಂದಲಕ್ಕೆ ಇದೇ ಕಾರಣ.

ಮಾತು 1: "ಯಾವ ಬಟ್ಟೆಯಾದರೂ ಕತ್ತರಿಸುತ್ತದೆ"

ಇದು ಅರ್ಧ ಸತ್ಯ. ಬೆಳಕು ಬಟ್ಟೆಯನ್ನು ಸುಡಬೇಕಾದರೆ ಬಟ್ಟೆ ಮೊದಲು ಆ ಬೆಳಕನ್ನು ಹೀರಿಕೊಳ್ಳಬೇಕು. ಕಾರ್ಖಾನೆಯ ಅನಿಲ ಲೇಸರ್ ಹೊಮ್ಮಿಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಬಟ್ಟೆಯ ಬಣ್ಣ ಯಾವುದೇ ಇರಲಿ, ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಎಲ್ಲವೂ ಅದನ್ನು ಚೆನ್ನಾಗಿ ಹೀರುತ್ತವೆ. ಮನೆಯ ಡಯೋಡ್ ಲೇಸರ್ ಹೊಮ್ಮಿಸುವುದು ಸುಮಾರು 450 ನ್ಯಾನೋಮೀಟರ್ ತರಂಗದೂರದ ನೀಲಿ ಬೆಳಕು. ಇಲ್ಲಿ ಬಟ್ಟೆಯ ಬಣ್ಣವೇ ಮುಖ್ಯವಾಗುತ್ತದೆ.

ಬಿಳಿ ಬಟ್ಟೆ ಬಿಳಿಯಾಗಿ ಕಾಣುವುದೇ ಅದು ಎಲ್ಲ ಬಣ್ಣದ ಬೆಳಕನ್ನೂ ಹಿಂದಕ್ಕೆ ಕಳಿಸುವುದರಿಂದ. ಹಾಗಾಗಿ ನೀಲಿ ಲೇಸರ್ ಬೆಳಕೂ ಬಹುಪಾಲು ಚದುರಿಹೋಗುತ್ತದೆ. ತೆಳು ಬಿಳಿ ಬಟ್ಟೆಯಲ್ಲಿ ಒಂದಷ್ಟು ಬೆಳಕು ಆಚೆ ಹಾದೂ ಹೋಗುತ್ತದೆ. ಕಪ್ಪು ಬಟ್ಟೆ ಎಲ್ಲವನ್ನೂ ಹೀರುವುದರಿಂದ ಸಲೀಸಾಗಿ ಕತ್ತರಿಸುತ್ತದೆ. ತಿಳಿನೀಲಿ ಬಟ್ಟೆ ನೀಲಿ ಬೆಳಕನ್ನು ವಾಪಸ್ ಕಳಿಸುವುದರಿಂದ ಸತಾಯಿಸುತ್ತದೆ. ನೋಡಲು ತಿಳಿಯಾಗಿದ್ದರೂ ಹಳದಿ, ಕಿತ್ತಳೆ ಬಣ್ಣದ ಬಟ್ಟೆಗಳು ನೀಲಿ ಬೆಳಕನ್ನು ಹೀರುವುದರಿಂದ ಚೆನ್ನಾಗಿ ಸುಡುತ್ತವೆ. ವಿಡಿಯೋಗಳಲ್ಲಿ ಕಪ್ಪು, ಮರೂನ್, ಕಡುನೀಲಿ ಬಟ್ಟೆಗಳೇ ಹೆಚ್ಚು ಕಾಣಿಸುವುದರ ಹಿಂದೆ ಈ ಗುಟ್ಟೂ ಇದೆ.

ಇನ್ನು ಜರಿ. ಅಸಲಿ ಜರಿಯಲ್ಲಿ ಬೆಳ್ಳಿಯ ಎಳೆ ಇರುತ್ತದೆ, ಅಗ್ಗದ ಜರಿಯಲ್ಲಿ ತಾಮ್ರದ ಎಳೆಯೋ ಹೊಳೆಯುವ ಪ್ಲಾಸ್ಟಿಕ್ ಪಟ್ಟಿಯೋ ಇರುತ್ತದೆ. ಮನೆಯ ಲೇಸರ್ ಬೆಳ್ಳಿಯನ್ನಾಗಲಿ ತಾಮ್ರವನ್ನಾಗಲಿ ಕತ್ತರಿಸುವುದಿಲ್ಲ. ಲೋಹ ಬೆಳಕನ್ನು ಎಲ್ಲೆಲ್ಲಿಗೋ ಚಿಮ್ಮಿಸುತ್ತದೆ, ಸುತ್ತಲಿನ ರೇಷ್ಮೆ ಮಾತ್ರ ಸುಟ್ಟುಹೋಗುತ್ತದೆ. ಮೈಸೂರು ಸಿಲ್ಕ್ ಸೀರೆಯ ಅಂಚಿಗೆ ಲೇಸರ್ ಡಿಸೈನ್ ಮಾಡಿಸೋಣ ಎಂದುಕೊಂಡಿದ್ದರೆ ಈ ಮಾತು ನೆನಪಿರಲಿ.

ಮಾತು 2: "ಲೇಸರ್‌ನಲ್ಲಿ ಕತ್ತರಿಸಿದ ಅಂಚು ಬಿಚ್ಚುವುದಿಲ್ಲ, ಹೊಲಿಗೆ ಬೇಡ"

ಪಾಲಿಯೆಸ್ಟರ್ ಮತ್ತು ನೈಲಾನ್ ಬಟ್ಟೆಗಳಿಗೆ ಇದು ನಿಜ. ಇವು ಪ್ಲಾಸ್ಟಿಕ್‌ನಿಂದ ಮಾಡಿದ ನೂಲುಗಳು. ಲೇಸರ್ ತಾಗಿದಾಗ ಕರಗಿ, ಆರಿದಾಗ ಗಟ್ಟಿಯಾಗಿ ಎಳೆಗಳನ್ನು ಅಂಟಿಸಿಬಿಡುತ್ತವೆ. ಅಂಚು ಎಳೆ ಬಿಡುವುದಿಲ್ಲ. ಆದರೆ ಆ ಅಂಚು ಒರಟಾಗಿ ಚರ್ಮಕ್ಕೆ ಚುಚ್ಚಬಹುದು. ಮಗುವಿನ ಬಟ್ಟೆಗೆ, ಕುತ್ತಿಗೆಯ ಹತ್ತಿರದ ಡಿಸೈನಿಗೆ ಇದು ಕಿರಿಕಿರಿ.

ಹತ್ತಿ, ಲಿನನ್, ರೇಷ್ಮೆಗೆ ಈ ಮಾತು ಸುಳ್ಳು. ಇವು ಕರಗುವುದಿಲ್ಲ, ಕರಕಲಾಗುತ್ತವೆ. ಕತ್ತರಿಸಿದ ಕೂಡಲೇ ಅಂಚು ಕಂದುಬಣ್ಣದಲ್ಲಿ ಚೊಕ್ಕವಾಗಿ ಕಾಣುತ್ತದೆ. ಒಗೆದರೆ ಆ ಕರಕಲು ಉದುರಿ, ಎಳೆಗಳು ಬಿಡಲು ಶುರುವಾಗುತ್ತವೆ. ವಿಡಿಯೋ ಮುಗಿಯುವುದು ಬಟ್ಟೆ ಎತ್ತಿ ತೋರಿಸಿದಾಗ. ಗ್ರಾಹಕರ ದೂರು ಬರುವುದು ಮೂರನೇ ಒಗೆತದ ನಂತರ. ಹತ್ತಿ ಬಟ್ಟೆಗೆ ಕಟ್‌ವರ್ಕ್ ಬಾಳಿಕೆ ಬರಬೇಕಾದರೆ ಅಂಚಿಗೆ ಹೊಲಿಗೆ ಬೇಕು, ಇಲ್ಲವೇ ಹಿಂಬದಿಗೆ ಕ್ಯಾನ್ವಾಸ್ ಅಂಟಿಸಿ ಕತ್ತರಿಸಬೇಕು.

ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ ಎರಡರ ನಡುವೆ ವರ್ತಿಸುತ್ತದೆ. ಅಂಗಡಿಯಲ್ಲಿ "ಪ್ಯೂರ್ ಕಾಟನ್" ಎಂದು ಕೊಟ್ಟದ್ದರಲ್ಲೂ ಪಾಲಿಯೆಸ್ಟರ್ ಸೇರಿರಬಹುದು. ಪತ್ತೆ ಹಚ್ಚಲು ಹಳೆಯ ಉಪಾಯವಿದೆ. ಮನೆಯ ಹೊರಗೆ, ನೀರು ತುಂಬಿದ ತಟ್ಟೆಯ ಮೇಲೆ, ಚಿಮಟದಲ್ಲಿ ಹಿಡಿದು ಎರಡು ಎಳೆ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಹಗುರವಾದ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತವೆ. ಪಾಲಿಯೆಸ್ಟರ್ ಮುದುರಿಕೊಂಡು, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬಟ್ಟೆ, ದಾರಕ್ಕೆ ಮಾತ್ರ ಈ ಪರೀಕ್ಷೆ. ರೆಕ್ಸಿನ್‌ಗೆ ಬೇಡ. ಏಕೆ ಎಂದು ಮುಂದೆ ಹೇಳುತ್ತೇವೆ.

ಮಾತು 3: "40 ವ್ಯಾಟ್‌ನ ಶಕ್ತಿಶಾಲಿ ಲೇಸರ್, ಅರ್ಧ ಬೆಲೆಗೆ"

ವ್ಯಾಟ್ ಎಂದರೆ ಯಾವ ವ್ಯಾಟ್? ಕೇಳಬೇಕಾದ ಪ್ರಶ್ನೆ ಇದು. ಯಂತ್ರ ಗೋಡೆಯ ಪ್ಲಗ್ಗಿನಿಂದ ಎಳೆಯುವ ವಿದ್ಯುತ್ತು ಒಂದು. ಲೇಸರ್ ತಲೆಯಿಂದ ಹೊರಬರುವ ಬೆಳಕಿನ ಶಕ್ತಿ ಇನ್ನೊಂದು. ಬಟ್ಟೆ ಕತ್ತರಿಸುವುದು ಎರಡನೆಯದು. ವಿದ್ಯುತ್ತಿನಲ್ಲಿ ಬಹುಪಾಲು ಬಿಸಿಯಾಗಿ, ಮೋಟಾರು ತಿರುಗಿಸಿ, ಫ್ಯಾನು ಓಡಿಸಿ ಖರ್ಚಾಗುತ್ತದೆ.

ಉದಾಹರಣೆಗೆ, ಅಡಾಪ್ಟರ್ ಮೇಲೆ 12 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿ: 60 ವ್ಯಾಟ್. ಡಬ್ಬದ ಮೇಲೆ "60 ವ್ಯಾಟ್ ಲೇಸರ್" ಎಂದು ಬರೆದ ಮಾತ್ರಕ್ಕೆ 60 ವ್ಯಾಟ್ ಬೆಳಕು ಬರುವುದಿಲ್ಲ. ಒಂದು ನೀಲಿ ಡಯೋಡ್ ಕೊಡುವ ಬೆಳಕು ಸುಮಾರು 5ರಿಂದ 6 ವ್ಯಾಟ್. 10 ವ್ಯಾಟ್ ಬೆಳಕಿನ ತಲೆಯಲ್ಲಿ ಸಾಮಾನ್ಯವಾಗಿ ಎರಡು, 20 ವ್ಯಾಟ್‌ನದರಲ್ಲಿ ನಾಲ್ಕು ಡಯೋಡ್‌ಗಳ ಕಿರಣವನ್ನು ಒಟ್ಟುಗೂಡಿಸಿರುತ್ತಾರೆ. ಹಾಗಾಗಿ "ಆಪ್ಟಿಕಲ್ ಪವರ್ ಅಥವಾ ಔಟ್‌ಪುಟ್ ಪವರ್ ಎಷ್ಟು?" ಎಂದು ಬರಹದಲ್ಲಿ ಕೇಳಿ. ಉತ್ತರ ಕೊಡದೆ ಆಫರ್ ಮುಗಿಯುತ್ತದೆ ಎಂದು ಅವಸರಿಸುವವರಿಂದ ಕೊಳ್ಳಬೇಡಿ.

ಹಾಗೆಂದು ವ್ಯಾಟ್ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಅಲ್ಲ. ತೆಳು ಬಟ್ಟೆಗೆ 5 ವ್ಯಾಟ್ ಬೆಳಕೇ ಅನೇಕ ಸಲ ಸಾಕು. ನಾಜೂಕಾದ ಕೆತ್ತನೆಗೆ ಶಕ್ತಿಗಿಂತ ಚುಕ್ಕೆಯ ಗಾತ್ರ ಮುಖ್ಯ.

ಮಾತು 4: "ಕನ್ನಡಕ ಕೊಡ್ತಾರೆ, ಹಾಕ್ಕೊಂಡರೆ ಆಯ್ತು"

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಿರಾದರೆ ಇದನ್ನು ಓದಿ.

ಪಾಠ ಹೇಳುವಾಗ ಗೋಡೆಗೆ ತೋರಿಸುವ ಲೇಸರ್ ಪಾಯಿಂಟರ್‌ನ ಶಕ್ತಿ ಕೆಲವೇ ಮಿಲಿವ್ಯಾಟ್. 5 ಮಿಲಿವ್ಯಾಟ್ ಪಾಯಿಂಟರನ್ನೇ ಕಣ್ಣಿಗೆ ಬಿಡಬೇಡಿ ಎಂದು ಎಚ್ಚರಿಸುತ್ತಾರೆ. 10 ವ್ಯಾಟ್ ಬೆಳಕಿನ ಲೇಸರ್ ಎಂದರೆ ಅದರ 2,000 ಪಟ್ಟು. ಲೇಸರ್‌ಗಳನ್ನು ಅಪಾಯಕ್ಕೆ ತಕ್ಕಂತೆ ವರ್ಗ ಮಾಡುತ್ತಾರೆ. ಕ್ಲಾಸ್ 1 ಎಂದರೆ ಸಾಮಾನ್ಯ ಬಳಕೆಯಲ್ಲಿ ಅಪಾಯವಿಲ್ಲ. ಕ್ಲಾಸ್ 4 ಅತಿ ಅಪಾಯಕಾರಿ. ಬಟ್ಟೆ ಕತ್ತರಿಸುವ ಯಾವುದೇ ತೆರೆದ ಡಯೋಡ್ ಯಂತ್ರ ಕ್ಲಾಸ್ 4ಕ್ಕೇ ಸೇರುತ್ತದೆ. ಇದರ ನೇರ ಕಿರಣ ಮಾತ್ರವಲ್ಲ, ಹೊಳೆಯುವ ವಸ್ತುವಿನಿಂದ ಚಿಮ್ಮಿದ ಕಿರಣವೂ ಕಣ್ಣಿಗೆ ಹಾನಿ ಮಾಡಬಲ್ಲದು. ಹತ್ತಿರದಿಂದ ನೋಡಿದರೆ ಹೊಳಪಿಲ್ಲದ ವಸ್ತುವಿನಿಂದ ಚದುರಿದ ಬೆಳಕೂ ಅಪಾಯವೇ.

ಕಾರಣ ನಮ್ಮ ಕಣ್ಣಿನ ರಚನೆಯಲ್ಲೇ ಇದೆ. ಕಣ್ಣಿನ ಮಸೂರದ ಕೆಲಸವೇ ಬಂದ ಬೆಳಕನ್ನು ಹಿಂಬದಿಯ ಅಕ್ಷಿಪಟಲದ ಮೇಲೆ ಚುಕ್ಕೆಯಾಗಿ ಕೂಡಿಸುವುದು. ನೀಲಿ ಲೇಸರ್ ಬೆಳಕನ್ನೂ ಅದು ಹಾಗೇ ಕೂಡಿಸುತ್ತದೆ. ರೆಪ್ಪೆ ಮುಚ್ಚಲು ಸೆಕೆಂಡಿನ ಸುಮಾರು ಕಾಲು ಭಾಗ ಬೇಕು. ಇಷ್ಟು ಶಕ್ತಿಯ ಕಿರಣಕ್ಕೆ ಅಷ್ಟು ಹೊತ್ತು ಬೇಕಾಗಿಲ್ಲ. ಅಕ್ಷಿಪಟಲದಲ್ಲಿ ನೋವು ಗ್ರಹಿಸುವ ನರಗಳಿಲ್ಲ, ಹಾಗಾಗಿ ಸುಟ್ಟದ್ದು ಆ ಕ್ಷಣಕ್ಕೆ ಗೊತ್ತಾಗದೆಯೂ ಹೋಗಬಹುದು. ಆಮೇಲೆ ದೃಷ್ಟಿಯ ನಡುವೆ ಕಪ್ಪು ಚುಕ್ಕೆ ಉಳಿದಾಗ ತಿಳಿಯುತ್ತದೆ. ಸುಟ್ಟ ಅಕ್ಷಿಪಟಲಕ್ಕೆ ಬದಲಿ ಹಾಕಲು ಬರುವುದಿಲ್ಲ.

ಕನ್ನಡಕದ ವಿಚಾರಕ್ಕೆ ಬರೋಣ. ತಂಪು ಕನ್ನಡಕ, ವೆಲ್ಡಿಂಗ್ ಕನ್ನಡಕ, ಕಂಪ್ಯೂಟರ್‌ಗೆಂದು ಮಾರುವ "ಬ್ಲೂ ಕಟ್" ಕನ್ನಡಕ ಯಾವುದೂ ಇದಕ್ಕಾಗಿ ಮಾಡಿದ್ದಲ್ಲ. ಬೇಕಾದದ್ದು ಈ ಲೇಸರಿನ ತರಂಗದೂರಕ್ಕೆ, ಅಂದರೆ 450 ನ್ಯಾನೋಮೀಟರ್ ಆಸುಪಾಸಿಗೆ, ತಯಾರಿಸಿದ ಸುರಕ್ಷಾ ಕನ್ನಡಕ. ಅದರ ಮೇಲೆ "ಒಡಿ" ಎಂಬ ಸಂಖ್ಯೆ ಇರುತ್ತದೆ. ಒಡಿ 4 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕು ಒಳಬರುತ್ತದೆ, ಒಡಿ 5 ಎಂದರೆ ಲಕ್ಷದಲ್ಲಿ ಒಂದು ಪಾಲು. ಯಂತ್ರದ ಜೊತೆ ಪುಕ್ಕಟೆ ಬಂದ ಹಸಿರು ಪ್ಲಾಸ್ಟಿಕ್ ಕನ್ನಡಕದ ಮೇಲೆ ತರಂಗದೂರವೂ ಇಲ್ಲ, ಒಡಿಯೂ ಇಲ್ಲ ಎಂದರೆ ಅದನ್ನು ನಂಬಬೇಡಿ. ಸರಿಯಾದ ಕನ್ನಡಕ ಹಾಕಿಕೊಂಡಾಗಲೂ ಕಿರಣವನ್ನು ನೇರವಾಗಿ ನೋಡುವಂತಿಲ್ಲ.

ಇನ್ನೂ ದೊಡ್ಡ ಪ್ರಶ್ನೆ ಉಳಿಯಿತು. ಕನ್ನಡಕ ಹಾಕಿಕೊಂಡವರು ನೀವು. ಬಾಗಿಲು ತೆರೆದು ಒಳಬಂದ ಮಗು? ಮೇಜಿನ ಮೇಲೆ ಹಾರುವ ಬೆಕ್ಕು? ಕಿಟಕಿಯ ಆಚೆ ನಿಂತ ಪಕ್ಕದ ಮನೆಯವರು? ನೀಲಿ ಬೆಳಕು ಕಿಟಕಿಯ ಗಾಜನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ಮನೆಗೆ ತರುವುದೇ ಆದರೆ ಸುತ್ತಲೂ ಪೆಟ್ಟಿಗೆಯಂತೆ ಮುಚ್ಚಿದ, ಮುಚ್ಚಳ ತೆಗೆದರೆ ತಾನಾಗಿ ಕಿರಣ ನಿಲ್ಲುವ, ಕ್ಲಾಸ್ 1 ಎಂದು ನಮೂದಿಸಿದ ಯಂತ್ರವೇ ಸರಿ. ತೆರೆದ ಯಂತ್ರವಾದರೆ ಚಿಲಕ ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆ ಬೇಕು. ಅಡುಗೆಮನೆಯ ಕಟ್ಟೆ, ಮಕ್ಕಳು ಓದುವ ಹಾಲ್ ಅದರ ಜಾಗವಲ್ಲ.

ರೀಲ್ಸ್‌ಗಾಗಿ ಹತ್ತಿರದಿಂದ ವಿಡಿಯೋ ಮಾಡುವವರಿಗೆ ಒಂದು ಕಿವಿಮಾತು: ಚಿಮ್ಮಿದ ಕಿರಣ ಮೊಬೈಲ್ ಕ್ಯಾಮೆರಾದ ಸೆನ್ಸರನ್ನೂ ಹಾಳು ಮಾಡಬಲ್ಲದು.

ಮಾತು 5: "ಬಟ್ಟೆಯ ಹೊಗೆ ತಾನೆ, ಕಿಟಕಿ ತೆಗೆದರೆ ಹೋಗುತ್ತೆ"

ಸುಟ್ಟ ಬಟ್ಟೆಯ ಹೊಗೆ ಊದುಬತ್ತಿಯ ಹೊಗೆಯಲ್ಲ. ಹತ್ತಿ ಸುಟ್ಟಾಗ ಸಣ್ಣ ಮಸಿಕಣಗಳೂ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತವೆ. ಪಾಲಿಯೆಸ್ಟರ್ ಹೊಗೆಯಲ್ಲಿ ಅಸಿಟಾಲ್ಡಿಹೈಡ್, ಬೆಂಜೀನ್‌ನಂಥ ವಿಷಕಾರಿ ಆವಿಗಳಿರುತ್ತವೆ. ಉಣ್ಣೆ, ರೇಷ್ಮೆ, ನೈಲಾನ್, ಸ್ವೆಟರಿಗೆ ಬಳಸುವ ಅಕ್ರಿಲಿಕ್ ನೂಲು ಇವುಗಳಲ್ಲೆಲ್ಲ ಸಾರಜನಕವಿದೆ. ಹಾಗಾಗಿ ಸುಟ್ಟಾಗ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಹುಟ್ಟಬಹುದು. ಒಂದು ಸಣ್ಣ ಹೂವು ಕತ್ತರಿಸಿದರೆ ಪ್ರಮಾಣ ಅತ್ಯಲ್ಪ. ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಆರು ಗಂಟೆ, ತಿಂಗಳುಗಟ್ಟಲೆ ಉಸಿರಾಡುವುದು ಬೇರೆ ಮಾತು.

ಎಲ್ಲಕ್ಕಿಂತ ಕೆಟ್ಟದ್ದು ರೆಕ್ಸಿನ್. ಬ್ಯಾಗು, ಪರ್ಸು, ಸೀಟ್ ಕವರ್‌ಗೆ ಬಳಸುವ ಈ ನಕಲಿ ಚರ್ಮದಲ್ಲಿ ಬಹಳಷ್ಟು ಪಿವಿಸಿಯದ್ದು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಮೂಗು, ಗಂಟಲು, ಶ್ವಾಸಕೋಶದ ತೇವದಲ್ಲಿ ಕರಗಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಯಂತ್ರದ ಕಬ್ಬಿಣದ ಭಾಗಗಳನ್ನೂ ತುಕ್ಕು ಹಿಡಿಸುತ್ತದೆ. ಪಿವಿಸಿ ಹಾಳೆಯನ್ನು ಲೇಸರಿಗೆ ಇಡಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಪಿಯು ಎಂದು ಮಾರುವ ಇನ್ನೊಂದು ಬಗೆಯ ನಕಲಿ ಚರ್ಮದಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಅದರ ಹೊಗೆಯೂ ಸುರಕ್ಷಿತವಲ್ಲ. ಬರಿಗಣ್ಣಿಗೆ ಎರಡೂ ಒಂದೇ ಥರ. ಯಾವುದೆಂದು ಖಚಿತವಾಗದಿದ್ದರೆ ಲೇಸರಿಗೆ ಹಾಕಬೇಡಿ. ಕತ್ತರಿ ಇದ್ದೇ ಇದೆ.

ಎನ್95 ಮಾಸ್ಕ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಅದು ಮಸಿಯಂಥ ಕಣಗಳನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಕಿಟಕಿ ತೆಗೆದರೂ ಗಾಳಿ ಒಳಮುಖವಾಗಿ ಬೀಸಿದರೆ ಹೊಗೆ ಮನೆಯೊಳಗೇ ಸುತ್ತುತ್ತದೆ. ಬೇಕಾದದ್ದು ಯಂತ್ರದ ಹತ್ತಿರದಿಂದಲೇ ಹೊಗೆ ಎಳೆದು ಕೊಳವೆಯ ಮೂಲಕ ಹೊರಗೆ ಬಿಡುವ ಎಕ್ಸಾಸ್ಟ್ ಫ್ಯಾನ್. ಆ ಕೊಳವೆಯ ಬಾಯಿ ಪಕ್ಕದ ಮನೆಯ ಕಿಟಕಿಗೆ ತಿರುಗಿರಬಾರದು ಎಂಬುದನ್ನೂ ನೋಡಿಕೊಳ್ಳಿ.

ಮಾತು 6: "ಆನ್ ಮಾಡಿ ಬಿಡಿ, ಅದು ಕತ್ತರಿಸುತ್ತಿರಲಿ, ನೀವು ಮನೆಕೆಲಸ ಮಾಡಿಕೊಳ್ಳಿ"

ಇದು ಸಲಹೆಯಲ್ಲ, ಬೆಂಕಿಗೆ ಆಹ್ವಾನ. ಬಟ್ಟೆಯನ್ನು ಸುಡುವುದೇ ಈ ಯಂತ್ರದ ಕೆಲಸ. ಚಲಿಸುವ ತಲೆ ಎಲ್ಲೋ ಸಿಕ್ಕಿಕೊಂಡು ಒಂದೇ ಜಾಗದಲ್ಲಿ ನಿಂತರೆ, ಕೇಬಲ್ ಸಡಿಲವಾದರೆ, ಬಟ್ಟೆ ಮಡಿಸಿಕೊಂಡರೆ ಜ್ವಾಲೆ ಏಳಲು ಕೆಲವೇ ಸೆಕೆಂಡು ಸಾಕು. ಹತ್ತಿಯ ಇನ್ನೊಂದು ಗುಣ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು: ಆರಿದಂತೆ ಕಂಡರೂ ಕಿಡಿ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಕತ್ತರಿಸಿದ ತುಂಡುಗಳನ್ನು ನೇರ ಚಿಂದಿ ಚೀಲಕ್ಕೆ ತುಂಬಿ ಮಲಗಿದರೆ ರಾತ್ರಿ ಹೊತ್ತಿಕೊಳ್ಳಬಹುದು. ರೋಮದ ಹಾಗೆ ನವಿರು ಎಳೆಗಳಿರುವ ಫ್ಲಾನೆಲ್, ಟವೆಲ್ ಬಟ್ಟೆಗಳಲ್ಲಿ ಬೆಂಕಿ ಮೇಲ್ಮೈಯಲ್ಲಿ ಸರ್ರನೆ ಹರಡುತ್ತದೆ.

ಹಾಗಾಗಿ ಯಂತ್ರ ಓಡುತ್ತಿರುವಷ್ಟು ಹೊತ್ತೂ ಒಬ್ಬರು ಪಕ್ಕದಲ್ಲಿರಬೇಕು. ಅಡಿಗೆ ಮರದ ಹಲಗೆ, ರಟ್ಟು ಬೇಡ, ಜೇನುಗೂಡಿನಂಥ ಕಬ್ಬಿಣದ ಜಾಲರಿ ಇರಲಿ. ಬಟ್ಟೆ ಹಾರದಂತೆ ಅದಕ್ಕೆ ಆಯಸ್ಕಾಂತದ ಬಿಲ್ಲೆ ಇಡಬಹುದು. ನೀರಿನ ಸ್ಪ್ರೇ ಬಾಟಲಿ, ಅಗ್ನಿಶಾಮಕ ಸಿಲಿಂಡರ್ ಎರಡೂ ಕೈಗೆ ಎಟುಕುವಂತಿರಬೇಕು. ಜ್ವಾಲೆ ಎದ್ದರೆ ಮೊದಲು ಕರೆಂಟು ಆರಿಸಬೇಕು, ಆಮೇಲೆ ನೀರು. ಸ್ಯಾನಿಟೈಸರ್, ಸೀಮೆಎಣ್ಣೆ, ಪೆಟ್ರೋಲ್ ಆ ಕೋಣೆಯಲ್ಲೇ ಇರಬಾರದು.

ಮಾತು 7: "ಲೇಸರ್ ಬಟ್ಟೆ ಹಾಕಿಕೊಂಡರೆ ರೇಡಿಯೇಶನ್, ಕ್ಯಾನ್ಸರ್ ಬರುತ್ತೆ"

ಇದು ಎದುರು ದಿಕ್ಕಿನ ಭಯ, ಇದಕ್ಕೂ ಆಧಾರವಿಲ್ಲ. ಲೇಸರ್ ಎಂಬ ಹೆಸರಿನ ಕೊನೆಯ ಅಕ್ಷರ "ರೇಡಿಯೇಶನ್" ಎಂಬ ಪದದಿಂದ ಬಂದಿರುವುದು ನಿಜ. ಆದರೆ ಇಲ್ಲಿ ರೇಡಿಯೇಶನ್ ಎಂದರೆ ಹೊಮ್ಮುವ ಬೆಳಕು ಎಂದಷ್ಟೇ. ಎಕ್ಸ್-ರೇ, ಗಾಮಾ ಕಿರಣಗಳಂತೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ತಾಕತ್ತು ನೀಲಿ ಬೆಳಕಿಗಿಲ್ಲ. ಟಾರ್ಚ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುವುದಿಲ್ಲ. ಹಾಗೆಯೇ ಲೇಸರ್ ನಿಂತ ಮೇಲೆ ಬಟ್ಟೆಯಲ್ಲಿ ಯಾವ ಕಿರಣವೂ ಉಳಿಯುವುದಿಲ್ಲ.

ಬಟ್ಟೆಯಲ್ಲಿ ಉಳಿಯುವುದು ಮಸಿ ಮತ್ತು ಸುಟ್ಟ ವಾಸನೆ. ಒಮ್ಮೆ ಒಗೆದು ಒಣಗಿಸಿ ಹಾಕಿಕೊಂಡರೆ ಅದೂ ಬಹುಮಟ್ಟಿಗೆ ಹೋಗುತ್ತದೆ. ಕೊಂಡವರಿಗೆ ಕೊಡುವ ಮುನ್ನ ಒಗೆದು ಕೊಡುವುದು ಒಳ್ಳೆಯ ರೂಢಿ. ಅಪಾಯ ಇರುವುದು ಬಟ್ಟೆ ಹಾಕಿಕೊಳ್ಳುವವರಿಗಲ್ಲ, ರಕ್ಷಣೆಯಿಲ್ಲದೆ ಬಟ್ಟೆ ಕತ್ತರಿಸುವವರಿಗೆ.

ಜೀನ್ಸ್ ಹೇಳುವ ಕತೆ

ಲೇಸರ್ ಜೀವ ಉಳಿಸಬಲ್ಲದು ಎಂಬುದಕ್ಕೂ ಬಟ್ಟೆಯ ಲೋಕದಲ್ಲೇ ಉದಾಹರಣೆ ಇದೆ. ಜೀನ್ಸ್ ಪ್ಯಾಂಟಿಗೆ ತೊಡೆಯ ಹತ್ತಿರ ಹಳತಾದಂತೆ ಕಾಣುವ ಮಾಸಲು ಬಣ್ಣ ಬರಿಸಲು ಬಹಳ ಕಾಲ ಮರಳನ್ನು ರಭಸವಾಗಿ ಊದುತ್ತಿದ್ದರು. ಆ ಮರಳಿನ ಸೂಕ್ಷ್ಮ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತದೆ. ಟರ್ಕಿಯಲ್ಲಿ ಈ ಕೆಲಸ ಮಾಡುತ್ತಿದ್ದ ಯುವಕರು ಸಾಯತೊಡಗಿದರು. 2009ರಲ್ಲಿ ಆ ದೇಶ ಜೀನ್ಸ್‌ಗೆ ಮರಳು ಊದುವುದನ್ನು ನಿಷೇಧಿಸಿತು.

ಇಂದು ಅದೇ ಮಾಸಲು ಬಣ್ಣವನ್ನು ಅನೇಕ ಕಾರ್ಖಾನೆಗಳು ಲೇಸರ್‌ನಿಂದ ತರುತ್ತವೆ. ಜೀನ್ಸ್ ನೂಲಿನಲ್ಲಿ ಇಂಡಿಗೋ ಬಣ್ಣ ಮೇಲ್ಪದರದಲ್ಲಷ್ಟೇ ಇರುತ್ತದೆ, ಒಳಗಿನ ತಿರುಳು ಬಿಳಿ. ಲೇಸರ್ ಮೇಲ್ಪದರವನ್ನು ಸುಟ್ಟು ತೆಗೆದರೆ ಬಿಳಿ ಕಾಣುತ್ತದೆ. ಚಿಕ್ಕ ಡಯೋಡ್ ಯಂತ್ರಕ್ಕೂ ಚೆನ್ನಾಗಿ ಒಗ್ಗುವ ಕೆಲಸ ಇದೇ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಂಥ ಊರಿನಲ್ಲಿ ಹೆಸರು, ಚಿತ್ರ ಕೆತ್ತಿಕೊಡುವ ಸಣ್ಣ ಕಸುಬಿಗೆ ಅವಕಾಶವಿದೆ. ಆದರೆ ಶಾಖ ಹೆಚ್ಚಾದರೆ ನೂಲೇ ಸೊರಗಿ, ಕೆಲವು ಒಗೆತದಲ್ಲಿ ಬಟ್ಟೆ ಅಲ್ಲೇ ಹರಿಯುತ್ತದೆ. ಮೊದಲು ಚಿಂದಿಯಲ್ಲಿ ಪರೀಕ್ಷಿಸಿ, ಒಗೆದು, ಎಳೆದು ನೋಡಿದ ಮೇಲಷ್ಟೇ ಗ್ರಾಹಕರ ಪ್ಯಾಂಟಿಗೆ ಕೈ ಹಾಕಬೇಕು. ಕಾರ್ಖಾನೆಯಲ್ಲೂ ಲೇಸರ್ ಸುರಕ್ಷಿತವಾಗುವುದು ಮುಚ್ಚಿದ ಕವಚ, ಹೊಗೆ ಎಳೆಯುವ ವ್ಯವಸ್ಥೆ, ತರಬೇತಿ ಪಡೆದ ಕೆಲಸಗಾರರು ಇದ್ದಾಗ.

ಹಾಗಾದರೆ ಸಂಪಾದನೆ?

ಆದಾಯದ ಭರವಸೆ ಕೊಡುವವರು ಸಮಯದ ಲೆಕ್ಕ ಹೇಳುವುದಿಲ್ಲ. ನೀವೇ ಲೆಕ್ಕ ಹಾಕಿ. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕದಲ್ಲಿ ಚಿತ್ರ ಕೆತ್ತಬೇಕು. ಗೆರೆಗಳ ನಡುವೆ 0.1 ಮಿಲಿಮೀಟರ್ ಅಂತರವಿದ್ದರೆ ಒಟ್ಟು 1,000 ಗೆರೆ. ತಲೆ ಓಡಬೇಕಾದ ದೂರ 100 ಮೀಟರ್. ಸೆಕೆಂಡಿಗೆ 50 ಮಿಲಿಮೀಟರ್ ವೇಗದಲ್ಲಿ ಓಡಿದರೆ 2,000 ಸೆಕೆಂಡು, ಅಂದರೆ ಅರ್ಧ ಗಂಟೆಗೂ ಹೆಚ್ಚು. ವಿಡಿಯೋದಲ್ಲಿ ಇದನ್ನೇ ಹತ್ತು ಸೆಕೆಂಡಿಗೆ ಓಡಿಸಿ ತೋರಿಸಿರುತ್ತಾರೆ. ಕಟ್‌ವರ್ಕ್ ಬೇಗ ಆಗುತ್ತದೆ: ಒಟ್ಟು 6 ಮೀಟರ್ ಗೆರೆಯಿರುವ ಬ್ಲೌಸ್ ಡಿಸೈನ್ ಸೆಕೆಂಡಿಗೆ 10 ಮಿಲಿಮೀಟರ್ ವೇಗದಲ್ಲಿ 10 ನಿಮಿಷ. ಇದಕ್ಕೆ ಚಿತ್ರ ಬಿಡಿಸುವ, ಬಟ್ಟೆ ಹೊಂದಿಸುವ, ಪರೀಕ್ಷಿಸುವ, ಒಗೆಯುವ ಸಮಯ ಸೇರಿಸಿ. ಈ ಸಮಯವೆಲ್ಲ ನೀವು ಪಕ್ಕದಲ್ಲೇ ಇರಬೇಕು ಎಂಬುದನ್ನು ಮರೆಯಬೇಡಿ.

ಸಣ್ಣ ಯಂತ್ರಗಳ ಕೆಲಸದ ಜಾಗ ಹೆಚ್ಚಾಗಿ 40 ಸೆಂಟಿಮೀಟರ್ ಆಸುಪಾಸು. ಐದೂವರೆ ಮೀಟರ್ ಸೀರೆಗೆ ತುಂಡುತುಂಡಾಗಿ ಸರಿಸಿ, ಪ್ರತಿ ಸಲ ಡಿಸೈನ್ ಕೂಡುವಂತೆ ಜೋಡಿಸಬೇಕು. ಯಂತ್ರದ ಬೆಲೆಯ ಮೇಲೆ ಸರಿಯಾದ ಕನ್ನಡಕ, ಎಕ್ಸಾಸ್ಟ್, ಜಾಲರಿ, ಹಾಳಾಗುವ ಬಟ್ಟೆ ಇವುಗಳ ಖರ್ಚೂ ಇದೆ. ಬಳಸಿದಂತೆ ಡಯೋಡ್ ಬಲ ಕುಂದುತ್ತದೆ. ಈಗಾಗಲೇ ಗಿರಾಕಿಗಳಿರುವ ಟೈಲರ್‌ಗೆ, ಬೊಟಿಕ್‌ಗೆ ಇದು ಒಳ್ಳೆಯ ಹೆಚ್ಚುವರಿ ಸಾಧನ. ಗಿರಾಕಿಯೇ ಇಲ್ಲದವರಿಗೆ ಯಂತ್ರ ಗಿರಾಕಿಯನ್ನು ಕರೆತರುವುದಿಲ್ಲ.

"ಮೊದಲು ಮುಂಗಡ ಕಟ್ಟಿ, ಆರ್ಡರ್ ನಾವೇ ಕೊಡುತ್ತೇವೆ, ಮಾಲು ನಾವೇ ವಾಪಸ್ ಕೊಳ್ಳುತ್ತೇವೆ" ಎಂದರೆ ಅಲ್ಲೇ ನಿಲ್ಲಿ. ಮನೆಯಲ್ಲೇ ಕೆಲಸ ಕೊಡುವ ಹೆಸರಿನ ಮೋಸಗಳ ಹಳೆಯ ರೀತಿ ಇದು. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ, ಕೊಳ್ಳುವ ಮುನ್ನ

ಒಂದು, ಔಟ್‌ಪುಟ್ ಪವರ್ ಎಷ್ಟು, ಯಾವ ಕ್ಲಾಸ್ ಎಂದು ಕೇಳಿ. ಎರಡು, ಮುಚ್ಚಿದ ಯಂತ್ರವೇ ನೋಡಿ. ಮೂರು, ನೀವು ಹೆಚ್ಚು ಹೊಲಿಯುವ ಬಟ್ಟೆಯ ತುಂಡನ್ನೇ ಕೊಂಡೊಯ್ದು, ಬಿಳಿಯದನ್ನೂ ಸೇರಿಸಿ, ಕಣ್ಣೆದುರು ಕತ್ತರಿಸಿ ತೋರಿಸಲು ಹೇಳಿ. ಆ ತುಂಡನ್ನು ಮನೆಗೆ ತಂದು ಐದು ಸಲ ಒಗೆಯಿರಿ. ನಾಲ್ಕು, ಹೊಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಯಂತ್ರ ತರುವ ಮೊದಲೇ ತೀರ್ಮಾನಿಸಿ. ಐದು, ಸಾಲದ ಕಂತನ್ನು ವಿಡಿಯೋ ಹೇಳಿದ ಆದಾಯದ ಮೇಲಲ್ಲ, ಈಗಿರುವ ಗಿರಾಕಿಗಳ ಮೇಲೆ ಲೆಕ್ಕ ಹಾಕಿ.

ಆ ಹೂಬಳ್ಳಿಯ ವಿಡಿಯೋ ಮತ್ತೆ ಬಂದರೆ ನೋಡಿ ಖುಷಿಪಡಿ, ಅಡ್ಡಿಯಿಲ್ಲ. ಯಾರಿಗಾದರೂ ಕಳಿಸುವುದಿದ್ದರೆ ಜೊತೆಗೆ ಎರಡು ಸಾಲು ಸೇರಿಸಿ: ರೆಕ್ಸಿನ್ ಹಾಕಬೇಡಿ, ಮಕ್ಕಳಿರುವ ಕೋಣೆಯಲ್ಲಿ ತೆರೆದ ಯಂತ್ರ ಓಡಿಸಬೇಡಿ. ವಿಡಿಯೋ ಬಿಟ್ಟುಹೋದ ಮಾತು ನಿಮ್ಮಿಂದಾದರೂ ತಲುಪಲಿ.